ಕೊಟ್ಟಿಗೆ ಹಿಂದಿನ ದರೆ

ಕೊಕ್ಕರ್ಣೆ ಕಡೆ ಗುಡ್ಡ ಕಡಿಯದೆ ಮನೆ ಕಟ್ಟಿದವರು ಎಷ್ಟು ಜನ? ಅಂಗಳಕ್ಕೆ ಜಾಗ ಬೇಕು, ಕೊಟ್ಟಿಗೆಗೂ ಬೇಕು. ಕಡಿದ ಗುಡ್ಡ ಮನೆಯ ಬೆನ್ನಿಗೆ ಗೋಡೆಯ ಹಾಗೆ ನಿಲ್ಲುತ್ತದೆ. ಅದೇ ದರೆ. ಅಮ್ಮಣ್ಣಿಯ ಕೊಟ್ಟಿಗೆಯೂ ಅಂಥ ದರೆಗೆ ಅಂಟಿಕೊಂಡೇ ಇತ್ತು.

ದೊಡ್ಡ ಯುದ್ಧ ಮುಗಿದ ಮರುವರ್ಷದ ಮಳೆಗಾಲ. ಒಂದು ಸಂಜೆ ಮಗಳು ಕುಸುಮ ಮೊಣಕಾಲವರೆಗೆ ಕೆಂಪು ಮಣ್ಣು ಮೆತ್ತಿಕೊಂಡು ಶಾಲೆಯಿಂದ ಬಂದಳು.

"ಎಂಥದೆ ಇದ್? ಶಾಲಿಗೆ ಹೋದ್ದಾ, ಗದ್ದಿ ಹೂಡುಕ್ ಹೋದ್ದಾ?"

"ಭೂಮಿ ಒಳ್ಗೆ ಹ್ಯಾಂಗಿತ್ತ್ ಅಂದೇಳಿ ತೋರ್ಸುಕೆ ಮಾಷ್ಟ್ರು ಗುಡ್ಡಿ ಹತ್ರ ಕರ್ಕಂಡ್ ಹೋಯಿದ್ರ್ ಅಮ್ಮ. ಮೇಲ್ ಕೆಂಪ್ ಮಣ್ಣ್, ಅದ್ರಡಿ ಮುರಕಲ್ಲ್, ಅದ್ರಡಿ ಬಿಳಿ ಶೇಡಿ ಮಣ್ಣ್. ಶೇಡಿಗೆ ನೀರ್ ಇಳ್ದ್ರೆ ಸಾಬೂನಿನಂಗೆ ಜಾರತ್ತಂಬ್ರ್. ಮೇಲಿದ್ದದ್ದೆಲ್ಲ ಜರಿತ್ತಂಬ್ರ್."

"ಮಣ್ಣ್ ಕಾಂಬುಕೆ ಶಾಲಿಗೆ ಹೋಯ್ಕಾ?" ಎಂದು ಅಮ್ಮಣ್ಣಿ ನಕ್ಕಳು.

ಕುಸುಮ ಆಗಲೇ ಕೊಟ್ಟಿಗೆಯ ಹಿಂದೆ ಹೋಗಿದ್ದಳು. "ಅಮ್ಮ, ಇಲ್ ಬಾ ಕಾಣ್!"

ದರೆಯ ನೆತ್ತಿಯಲ್ಲಿ ಕೈ ತೂರುವಷ್ಟು ಬಿರುಕು. ಬುಡದಿಂದ ಅಕ್ಕಿ ತೊಳೆದ ನೀರಿನ ಹಾಗೆ ಬಿಳಿಯ ನೀರು ಜಿನುಗುತ್ತಿತ್ತು. ಅಮ್ಮಣ್ಣಿ ದಿನಾ ಸಗಣಿ ಬಾಚಲು ಬರುವ ಜಾಗ ಅದು. ಕಂಡೂ ಕಂಡಿರಲಿಲ್ಲ.

ಗಂಡ ತಿಮ್ಮನಿಗೆ ಹೇಳಿದರೆ, "ನಮ್ ಅಜ್ಜನ್ ಕಾಲದ್ ದರೆ. ಅದೆಲ್ಲಿಗ್ ಹೋತ್ತ್?" ಎಂದು ಎಲೆಗೆ ಸುಣ್ಣ ಹಚ್ಚುತ್ತ ಕೂತ.

ಬೆಳಗಾಗುತ್ತಲೇ ಅಮ್ಮಣ್ಣಿ ಹೋಗಿ ಕುಸುಮಳ ಶಾಲೆಯ ಪ್ರೇಮಾನಂದ ಮಾಷ್ಟ್ರನ್ನು ಕರೆತಂದಳು. ಅವರು ದರೆಯನ್ನು ಮೇಲೆ ಕೆಳಗೆ ನೋಡಿದರು.

"ತಿಮ್ಮ, ಅಜ್ಜನ್ ಕಾಲದಾಗೆ ಇಲ್ ಕೊಟ್ಟಿಗಿ ಇದ್ದಿತ್ತಾ?"

"ಇಲ್ಲೆ. ಹೋದ್ವರ್ಷ ನಾನೇ ದರೆ ಬುಡ ಕಡ್ದ್ ಕಟ್ಟದ್."

"ಕಾಲ್ ಕಡ್ದ್ರೆ ಮಂಚ ನಿಲ್ಲತ್ತಾ?"

ತಿಮ್ಮ ತಲೆ ತುರಿಸಿಕೊಂಡ. "ಈಗ ಎಂತ ಮಾಡುದ್ ಮಾಷ್ಟ್ರೆ?"

"ಮೊದ್ಲ್ ದನ ಬಿಚ್ಚ್. ಮಳಿ ಬಿಡುವರಿಗೆ ನೀವೂ ಇಲ್ ಇಪ್ಪುದ್ ಬ್ಯಾಡ."

ಗದ್ದೆಯಾಚೆಯ ಜಲಜಕ್ಕ, "ಬನಿ, ನಮ್ಮನಿ ಎಂತ ಬೇರೆಯಾ?" ಎಂದು ಚಾವಡಿಯಲ್ಲಿ ಚಾಪೆ ಹಾಸಿಕೊಟ್ಟಳು. ತಿಮ್ಮ ಗೊಣಗುತ್ತಲೇ ದನ ಹೊಡೆದುಕೊಂಡು ಬಂದ.

ಮರುದಿನ ಮಧ್ಯಾಹ್ನ ಗಂಜಿಗೆ ಕೂತಿದ್ದಾಗ ದಢಾರೆಂದು ಸದ್ದಾಯಿತು. ಓಡಿ ಬಂದು ನೋಡಿದರೆ ಕೊಟ್ಟಿಗೆಯೇ ಇಲ್ಲ. ಕೆಂಪು ಮಣ್ಣಿನ ರಾಶಿ ಅಡಿಗೆಮನೆಯ ಗೋಡೆಯನ್ನೂ ನುಂಗಿತ್ತು. ಅತ್ತ ಜಲಜಕ್ಕನ ಅಂಗಳದಲ್ಲಿ ದನಗಳು ನೆಮ್ಮದಿಯಾಗಿ ಮೆಲುಕು ಹಾಕುತ್ತಿದ್ದವು.

ತಿಮ್ಮ ಮಗಳ ತಲೆ ನೇವರಿಸಿ ಹೇಳಿದ: "ಗೋಡಿ ಮತ್ತೆ ಕಟ್ಟುಲಕ್ಕ್. ನೀನ್ ಶಾಲಿ ಮಾತ್ರ ಬಿಡ್ಬೇಡ ಮಗಾ."

ಅಮ್ಮಣ್ಣಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ಹೊಸ ಕೊಟ್ಟಿಗೆ ಎದ್ದದ್ದು ಬಾವಿಯಾಚೆಯ ಬಯಲಲ್ಲಿ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇವತ್ತೇ ನಿಮ್ಮ ಮನೆಯ ಹಿಂದೆ ಹೋಗಿ ನೋಡಿ. ದರೆ ಬಿರಿದಿದ್ದರೆ, ಬುಡದಲ್ಲಿ ಕೆಸರುನೀರು ಜಿನುಗುತ್ತಿದ್ದರೆ, ಮರ ವಾಲಿದ್ದರೆ ಹೊತ್ತು ಕಳೆಯಬೇಡಿ; ಮಕ್ಕಳನ್ನೂ ದನಕರುಗಳನ್ನೂ ಕರೆದುಕೊಂಡು ದೂರ ಹೋಗಿ. ದರೆಯ ಬುಡ ಕಡಿಯಬೇಡಿ. ಭೂಮಿಯ ಪಾಠ ಕಲಿತು ಬಂದ ಮಗು ಏನೋ ಹೇಳಲು ಬಂದರೆ ಕೈಕೆಲಸ ಬಿಟ್ಟು ಕೇಳಿ.