ಸಿಪ್ಪೆ ಕೆಲಸ

"ಇದೇನ್ರೀ ಇದು, ಕಿತ್ತಳೆ ಸಿಪ್ಪೆ ಮುಟ್ಟಿದ ಹಾಗಾಗ್ತಿದೆ!" ಹಲ್ಲಿನ ಡಾಕ್ಟರಮ್ಮ ತಮ್ಮ ಕಾರಿನ ಬಾನೆಟ್ಟಿನ ಮೇಲಿಂದ ಬೆರಳು ತೆಗೆಯದೆ ಹೇಳಿದರು.

ಮಾವ ನಕ್ಕರು. "ತಮಾಷೆ ಮಾಡ್ಬೇಡಿ ಡಾಕ್ಟ್ರೇ. ಬಾನೆಟ್ಟಿಗೆ ಬಣ್ಣ ಹೊಡೆದದ್ದು ನಾನೇ. ಬೇಕಿದ್ರೆ ಅದರಲ್ಲೇ ಮುಖ ನೋಡ್ಕೊಂಡು ತಲೆ ಬಾಚ್ಕೊಳ್ಳಿ."

ಬಣ್ಣದ ಷೆಡ್ಡಿನ ಮೂಲೆಯಲ್ಲಿ ಫೋನಿನ ಪಕ್ಕ ಕೂತಿದ್ದ ಸೊಸೆ ತಲೆ ಎತ್ತಿದಳು.

ಆ ಹಸಿರು ಕಾರು ಬಟ್ಟೆ ಹೊದ್ದು ನಿಂತದ್ದು ಅವಳ ಗಂಡ ತೀರಿಕೊಂಡ ದಿನದಿಂದ. ಅವತ್ತು ಮಾವ ಬೆಳಿಗ್ಗೆಯೇ ಬಾನೆಟ್ಟಿಗೆ ಕೊನೆಯ ಕೋಟು ಹೊಡೆದು ಮಧ್ಯಾಹ್ನ ಮನೆಗೆ ಹೋಗಿದ್ದರು. ಸಂಜೆ ಪಾಲಿಷ್ ತರಲು ಬೈಕು ಹತ್ತಿದ ಮಗ ತಿರುವಿನಲ್ಲಿ ಲಾರಿಗೆ ಸಿಕ್ಕಿದ್ದ. ಆಮೇಲೆ ಷೆಡ್ಡಿನ ಬಾಗಿಲು ತೆರೆದದ್ದು ಈ ವಾರ. ಮನೆಯಲ್ಲಿ ಕೂತು ಮಾಡುವುದೇನೂ ಇಲ್ಲವೆಂದು ಸೊಸೆಯೂ ಜೊತೆಗೆ ಬರುತ್ತಿದ್ದಳು.

ಬಣ್ಣ ನುಣ್ಣಗೆ ಕೂರದೆ ಮೈತುಂಬ ಸಣ್ಣ ಗುಳಿ ಬಿದ್ದರೆ ಆ ಷೆಡ್ಡಿನಲ್ಲಿ ಅದಕ್ಕೆ ಸಿಪ್ಪೆ ಎನ್ನುತ್ತಿದ್ದರು. ಮಾವನ ಬಾಯಲ್ಲಿ ಆ ಮಾತು ಷೆಡ್ಡು ದಾಟಿ ಎಲ್ಲ ಕಡೆ ಓಡಾಡುತ್ತಿತ್ತು. ಆರಿದ ಕಾಫಿ ಸಿಪ್ಪೆ ಕಾಫಿ. ಹೇಳಿದ ಹೊತ್ತಿಗೆ ಬಾರದವನು ಸಿಪ್ಪೆ ಮನುಷ್ಯ. ಕೆಲಸ ಕೊಡಿಸದ ಸೊಸೆಯ ಪದವಿ ಸಿಪ್ಪೆ ಪದವಿ. "ನನ್ನ ಕೈಲಿ ಸಿಪ್ಪೆ ಬಂದ ದಿನ ಈ ಬಣ್ಣದ ಗನ್ನನ್ನ ಆ ಗೂಟಕ್ಕೆ ನೇತುಹಾಕಿ ಮನೇಲಿ ಕೂರ್ತೀನಿ" ಎಂದು ಗೋಡೆಯ ಖಾಲಿ ಗೂಟ ತೋರಿಸುವುದು ಅವರ ರೂಢಿ.

ಸಿಪ್ಪೆ ಬರುತ್ತಲೇ ಇತ್ತು. ಅವರ ಕಣ್ಣು ಮಂಜಾಗಿತ್ತು, ಜಡ್ಡುಗಟ್ಟಿದ ಬೆರಳಿಗೂ ಗುಳಿ ತಾಗುತ್ತಿರಲಿಲ್ಲ. ಅವರು ಮನೆಗೆ ಹೋದ ಮೇಲೆ ಮಗ ಉಜ್ಜುಕಾಗದವನ್ನು ನೀರಲ್ಲಿ ಅದ್ದಿ, ಅಪ್ಪ ಹೊಡೆದದ್ದನ್ನೆಲ್ಲ ಉಜ್ಜಿ ನುಣುಪು ಮಾಡುತ್ತಿದ್ದ. ಊಟ ತಂದ ಹೆಂಡತಿ ಪಕ್ಕದಲ್ಲಿ ನಿಂತು ನೀರು ಹನಿಸುತ್ತಿದ್ದಳು.

"ಅಪ್ಪನ ಮುಂದೆ ಬಾಯಿಬಿಟ್ಟೀಯ ಮತ್ತೆ," ಎನ್ನುತ್ತಿದ್ದ. "ಗನ್ನು ಕೆಳಗಿಟ್ರೆ ಅವರು ಮಲಗಿದಲ್ಲಿಂದ ಏಳಲ್ಲ."

ಕೆಲಸ ಮುಗಿದ ಮೇಲೆ ಬಣ್ಣ ಬಿಡಲೆಂದು ಕೈಗೆ ಕಿತ್ತಳೆ ಸಿಪ್ಪೆ ತಿಕ್ಕಿಕೊಳ್ಳುತ್ತಿದ್ದ. ಅವನ ಅಂಗಿಗೆ, ತಲೆದಿಂಬಿಗೆ ಅದೇ ಸಿಪ್ಪೆ ವಾಸನೆ. ಅವನು ಹೋದ ಮೇಲೆ ದಿಂಬಿನ ಕವರನ್ನು ಯಾರೋ ಒಗೆದು ಹಾಕಿದ್ದರು.

"ನನ್ನ ಬೆರಳಿಗೆ ಮೋಸ ಆಗಲ್ಲ ಸ್ವಾಮಿ," ಎಂದರು ಡಾಕ್ಟರಮ್ಮ. "ದಿನಾ ಹಲ್ಲು ಸವರೋ ಬೆರಳು. ಬಾಗಿಲು ಮುಟ್ಟಿ ನೋಡಿ, ಬೆಣ್ಣೆ. ಈಗ ಇದನ್ನ ಮುಟ್ಟಿ."

ಮಾವ ಬಾನೆಟ್ಟಿನ ಮೇಲೆ ಬಗ್ಗಿದರು. ಮುಖವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿದರು. ಅಂಗೈಯಿಂದ ಸವರಿದರು, ಬೆರಳ ತುದಿಯಿಂದ ಸವರಿದರು. ಮುಖದ ಮೇಲೆ ನಗು ಇನ್ನೂ ಇತ್ತು, ಅಳಿಸಲು ಮರೆತ ಹಾಗೆ.

"ನೀನು ಹೇಳಮ್ಮ. ಸಿಪ್ಪೆ ಇದೆಯಾ?"

ಅವಳು ಎದ್ದು ಬಂದು ಕೈಯಿಟ್ಟಳು. ಈ ಅಂಚಿನಿಂದ ಆ ಅಂಚಿನವರೆಗೂ ಇತ್ತು.

"ಇದೆ ಮಾವ."

ಮಾವನ ಕಣ್ಣು ಗೋಡೆಯ ಗೂಟದ ಕಡೆ ಹೋಯಿತು. ಅಲ್ಲೇ ನಿಂತಿತು.

"ಅದು ಅವರು ಹೊಡೆದದ್ದು," ಎಂದಳು. "ನೀವು ಮನೆಗೆ ಹೋದ ಮೇಲೆ. ಇನ್ನೊಂದು ಕೋಟು ಹೊಡೀತೀನಿ ಅಂತ ನಂಗೆ ಫೋನಲ್ಲಿ ಹೇಳಿದ್ರು."

ಗಂಡ ಸತ್ತ ಮೇಲೆ ಅವಳು ಅವನ ಬಗ್ಗೆ ಆಡಿದ ಮೊದಲ ಮಾತು ಅದು.

"ಅವನಾ?" ಮಾವ ನೆಟ್ಟಗಾದರು. "ನಾನು ಮುಗಿಸಿದ್ದರ ಮೇಲೆ ಅವನ್ಯಾಕೆ ಕೈ ಹಾಕಿದ? ಗನ್ನು ಹತ್ತಿರ ಹಿಡಿಯೋ ಅಂತ ಬಡ್ಕೊಂಡಿದ್ದೀನಿ. ಕೇಳ್ತಾನಾ? ಕತ್ತೆಗೆ ಹೇಳಿದ್ರೆ ಕಿವಿಯಾದ್ರೂ ಅಲ್ಲಾಡಿಸುತ್ತೆ!"

ಮಗನ ಸುದ್ದಿ ತೆಗೆದರೆ ಎದ್ದು ಹೊರಗೆ ಹೋಗುತ್ತಿದ್ದ ಮನುಷ್ಯ ಈಗ ಬೈಯುತ್ತ ಕಾರಿಗೆ ಸುತ್ತು ಬಂದರು. ಮಗ ಸಣ್ಣವನಿದ್ದಾಗ ಚೆಲ್ಲಿದ ಬಣ್ಣದ ಡಬ್ಬಿಯೂ ಬೈಗುಳದಲ್ಲಿ ಬಂತು. ಡಾಕ್ಟರಮ್ಮ ಮುಜುಗರದಿಂದ ಕೈಚೀಲ ಎತ್ತಿಕೊಂಡು, "ಸತ್ತವರನ್ನ ಯಾಕೆ, ಬಿಡಿ ಪಾಪ. ಸಂಜೆ ಬರ್ತೀನಿ," ಎಂದು ಹೊರಟರು.

ಸೊಸೆ ಬಕೆಟ್ಟಿಗೆ ನೀರು ತುಂಬಿ, ಗೂಡಿನಲ್ಲಿದ್ದ ಉಜ್ಜುಕಾಗದ ತೆಗೆದಳು.

"ನಿಂಗೆ ಬರುತ್ತಾ?"

"ನೋಡಿದ್ದೀನಿ."

ಮಾವ ಸ್ಟೂಲಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತ ಬೈಗುಳ ಮುಂದುವರಿಸಿದರು. ಅವಳು ಉಜ್ಜಿದಳು. ಹಸಿರು ನೀರು ಬಂಪರಿನ ಮೇಲಿಂದ ಇಳಿದು ನೆಲದ ಬಿರುಕು ಹಿಡಿದು ಹೋಯಿತು. ತೋಳು ಸೋತಾಗ ಕೈ ಬದಲಿಸಿದಳು. ಕೊನೆಗೆ ಹಳೆಯ ಪಾಲಿಷ್ ಡಬ್ಬಿಯ ತಳ ಕೆರೆದು ಬಳಿದು, ಬಟ್ಟೆಯಲ್ಲಿ ತಿಕ್ಕಿದಳು. ಮೇಲಿನ ಟ್ಯೂಬ್‌ಲೈಟು ಬಾನೆಟ್ಟಿನಲ್ಲಿ ನೇರ ಗೆರೆಯಾಗಿ ಕಂಡಿತು.

ಮಾವ ಬಂದು ಅಂಗೈ ಇಟ್ಟು ನಿಧಾನವಾಗಿ ಎಳೆದರು.

"ನೋಡಿದ್ಯಾ? ನಾನು ಹೊಡೆದದ್ದು ಒಳಗೆ ಹೀಗೇ ಇತ್ತು."

"ಹೂಂ ಮಾವ."

"ತಗೋ, ಸೋಪಿಗೆಲ್ಲ ಹೋಗಲ್ಲ ಅದು," ಎಂದು ಸಿಪ್ಪೆಗಳನ್ನು ಅವಳ ಕೈಗಿಟ್ಟರು.

ಅವಳು ಹೊರಗಿನ ನಲ್ಲಿಯ ಬಳಿ ನಿಂತು ಒಂದು ಸಿಪ್ಪೆ ತಿಕ್ಕಿಕೊಂಡಳು. ಅದರ ಬಿಳಿಯ ಒಳಮೈ ಹಸಿರಾಗುತ್ತ ಬಂತು. ಬೆರಳುಗಳು ಶುಭ್ರವಾದ ಮೇಲೂ ಸ್ವಲ್ಪ ಹೊತ್ತು ತಿಕ್ಕುತ್ತಲೇ ಇದ್ದಳು. ಷೆಡ್ಡಿನೊಳಗೆ ಕಂಪ್ರೆಸರ್ ಗುರುಗುಟ್ಟಿತು. ಮಾವ ಮುಂದಿನ ಕಾರಿಗೆ ಗನ್ನು ಸಿದ್ಧ ಮಾಡುತ್ತಿದ್ದರು.

ಉಳಿದ ಸಿಪ್ಪೆಗಳನ್ನು ಅವಳು ಎಸೆಯದೆ ನಲ್ಲಿಯ ಕಟ್ಟೆಯ ಮೇಲೆ, ಬಿಸಿಲು ತಾಗದ ಕಡೆ, ಕವುಚಿಟ್ಟಳು.