ಸೊಸೆಗೆ ಮಾತ್ರ ಕಲಿಸುವ ಬೆರಳು

ನನ್ನ ತಮ್ಮನ ಹೆಂಡತಿ ನಿಂಗ್ ಸತ್ತದ್ದು ಆರನೆಯ ತಿಂಗಳಲ್ಲಿ, ನಾಯಿಗಳು ಬಾವಿಕಟ್ಟೆಯ ನೆರಳು ಬಿಟ್ಟು ಏಳದಂಥ ಬಿಸಿಲಿನಲ್ಲಿ. ಹೆಣ ನೋಡಲು ಹೋದರೆ ಅವಳ ಎದೆಯ ಮೇಲೆ ಹಿಮ ಕಟ್ಟಿತ್ತು. ಕೆರೆದರೆ ಉಗುರಿನ ಸಂದಿಗೆ ಸೇರುವಂಥ ನಿಜವಾದ ಹಿಮ.

ನಾನು ಸೂಲಗಿತ್ತಿ. ನಮ್ಮ ಪಟ್ಟಣದಲ್ಲಿ ಹೆಂಗಸು ಅನುಮಾನ ಹುಟ್ಟಿಸುವಂತೆ ಸತ್ತರೆ ಹೆಣವನ್ನು ಗಂಡಸರು ಮುಟ್ಟುವಂತಿಲ್ಲ, ಕಚೇರಿಯವರು ನನ್ನನ್ನು ಕರೆಸುತ್ತಾರೆ. ಕಂಡದ್ದನ್ನು ನಾನು ಗಟ್ಟಿಯಾಗಿ ಕೂಗಿ ಹೇಳಬೇಕು, ಕರಣಿಕ ಬರೆದುಕೊಳ್ಳಬೇಕು. ನೆರೆದವರೆಲ್ಲ ಕೇಳಿಸಿಕೊಂಡ ಮೇಲೆ ಕಾಗದದಲ್ಲಿ ಬೇರೆ ಬರೆಯುವುದು ಕಷ್ಟ, ಅದಕ್ಕೇ ಆ ಕೂಗು. ಅಂದು ನಾನು ಕೂಗಿದ್ದು ಒಂದೇ ಮಾತು: "ಚರ್ಮದ ಮೇಲೆ ಗಾಯವಿಲ್ಲ." ಸುಳ್ಳಲ್ಲ; ಹಿಮವನ್ನು ಎಲ್ಲರೂ ಕಂಡಿದ್ದರು. ಆದರೆ ಅಂಥ ಹಿಮವನ್ನು ನಾನು ಹಿಂದೆ ಒಮ್ಮೆ ಕಂಡಿದ್ದೆ, ನಮ್ಮ ಮನೆಯಲ್ಲೇ. ಅದನ್ನು ಕೂಗಲಿಲ್ಲ.

ನಾನು ನುಂಗಿದ ಮಾತಿನ ಜಾಗಕ್ಕೆ ಊರು ಬೇರೆ ಮಾತು ತಂದು ತುಂಬಿತು. ಬೆಟ್ಟದ ಬಿಳಿ ನರಿ ಹೆಣ್ಣಿನ ರೂಪದಲ್ಲಿ ಬಂದು ನಿಂಗಳ ಉಸಿರು ಹೀರಿತಂತೆ. ನರಿ ಯಾರು? ಸೇತುವೆಯ ಬಳಿ ತೋಫು ಮಾರುವ ವಿಧವೆ ಫಾನ್. ಉತ್ತರದಿಂದ ಬಂದವಳು, ಹಿಂದೆ ಮುಂದೆ ಯಾರೂ ಇಲ್ಲ, ಮೂವತ್ತಕ್ಕೇ ತಲೆ ಬೆಳ್ಳಗಾಗಿದೆ. ಹಿಂದಿನ ದಿನ ನಿಂಗ್ ಅವಳ ಹತ್ತಿರ ತೋಫು ಕೊಂಡಿದ್ದಳು. ಅವಳ ಕೈ ಸದಾ ತಣ್ಣಗಿರುತ್ತದೆ ಎಂದು ಹನ್ನೊಂದು ಜನ ಸಾಕ್ಷಿ ಹೇಳಿದರು. ಇಡೀ ದಿನ ತಣ್ಣೀರಿನಲ್ಲಿ ಕೈ ಅದ್ದಿ ತೋಫು ಎತ್ತಿಕೊಡುವವಳ ಕೈ ಇನ್ನು ಹೇಗಿರಬೇಕು?

ಒಂಬತ್ತು ತಿಂಗಳು ಅವಳು ಸೆರೆಯಲ್ಲಿದ್ದಳು. ಮರುವರ್ಷದ ಮೂರನೆಯ ತಿಂಗಳಲ್ಲಿ ಅವಳನ್ನು ಸುಡಲು ಸೇತುವೆಯ ಬಳಿ ಪೀಚ್ ಮರದ ಕಟ್ಟಿಗೆ ಒಟ್ಟಿದರು. ನರಿಗೆ ಬೇರೆ ಮರದ ಬೆಂಕಿ ತಾಗುವುದಿಲ್ಲವಂತೆ. ಸುಡುವ ಮುಂಚೆ ಸತ್ತವಳ ಮೂಳೆಗಳನ್ನೊಮ್ಮೆ ನೋಡಬೇಕೆಂದು ಮೇಲಿನ ಕಚೇರಿಯಿಂದ ಆಜ್ಞೆ ಬಂತು. ಮೂಳೆ ನೋಡುವುದು ಬೆಳಿಗ್ಗೆ, ಬೆಂಕಿ ಮಧ್ಯಾಹ್ನ. ನಡುವೆ ಇದ್ದದ್ದು ನಾನು ಒಬ್ಬಳು.

ನಮ್ಮದು ಕುವಾಂಗ್ ಮನೆ. ಸೇತುವೆಯ ಮೇಲೆ ನಮ್ಮಪ್ಪನ ಹೆಸರು ಕೆತ್ತಿದ ಕಲ್ಲಿದೆ: ಮೂವರು ದರೋಡೆಗಾರರನ್ನು ಮೂರೇ ಬೆರಳಿನಿಂದ ಕೆಡವಿದವನು ಎಂದು. ಆ ಮೂರು ಬೆರಳಿನ ವಿದ್ಯೆ ನಮ್ಮ ಮನೆಯ ಆಸ್ತಿ. ಏಳನೆಯ ಪಕ್ಕೆಲುಬಿಗೆ ಮೆಲ್ಲಗೆ ತಾಗಿಸಿದರೆ ಸಾಕು. ಅದನ್ನು ಗಂಡುಮಕ್ಕಳಿಗೆ ಕಲಿಸುತ್ತಾರೆ, ಮನೆಗೆ ಬಂದ ಸೊಸೆಗೆ ಕಲಿಸುತ್ತಾರೆ. ಮಗಳಿಗೆ ಕಲಿಸುವುದಿಲ್ಲ. ಮಗಳು ಮದುವೆಯಾಗಿ ಹೊರಗೆ ಚೆಲ್ಲಿದ ನೀರು; ವಿದ್ಯೆಯನ್ನೂ ಜೊತೆಗೆ ಚೆಲ್ಲಿಕೊಂಡು ಹೋಗುತ್ತಾಳೆ.

ನನ್ನ ಸೊಂಟದ ಮೇಲೆ ಬೆಳೆದ ತಮ್ಮ ಯಾನ್‌ಶುವನ್ನು ಆರನೆಯ ವಯಸ್ಸಿಗೆ ಒಳ ಅಂಗಳಕ್ಕೆ ಕರೆದೊಯ್ದು ಬಾಗಿಲು ಹಾಕಿದರು. ನನ್ನ ಕೈಗೆ ಒಗೆಯುವ ಬಟ್ಟೆ ಕೊಟ್ಟರು. ಹದಿಮೂರರಲ್ಲಿ ಒಮ್ಮೆ, ಮರೆತ ಬಟ್ಟೆ ಬಡಿಯುವ ಕೋಲನ್ನು ತರಲು ಹೋದಾಗ, ಬಾಗಿಲ ಬಿರುಕಿನಲ್ಲಿ ಕಂಡೆ. ಅವ್ವ ನೀರಿನ ಹರವಿಯ ಮುಂದೆ ನಿಂತಿದ್ದಳು. ಮೂರು ಬೆರಳನ್ನು ಹೂವು ಮುಟ್ಟುವಂತೆ ಅದಕ್ಕೆ ತಾಗಿಸಿದಳು. ಬೇಸಿಗೆಯ ನಡುಹಗಲಿನಲ್ಲಿ ಹರವಿಯ ಕಂಠದ ಸುತ್ತ ಹಿಮ ಏರಿತು. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮತ್ತೆಂದೂ ನೋಡಲಿಲ್ಲ. ತಿರುಗಿದವಳು ನನ್ನನ್ನು ಕಂಡು ಕೆನ್ನೆಗೆ ಬಾರಿಸಿದಳು. ಮೂರು ದಿನ ಕೆನ್ನೆ ಮರಗಟ್ಟಿತ್ತು, ಅನ್ನ ಜಗಿದದ್ದು ಗೊತ್ತಾಗುತ್ತಿರಲಿಲ್ಲ.

ಅದಕ್ಕೇ ನಿಂಗಳ ಎದೆಯ ಮೇಲೆ ಹಿಮ ಕಂಡ ದಿನ ನನಗೆ ನರಿ ನೆನಪಾಗಲಿಲ್ಲ. ತಮ್ಮ ನೆನಪಾದ. ನಿಂಗ್ ಅವನಿಗಿಂತ ಚೆನ್ನಾಗಿ ಕಲಿತಿದ್ದಳೆಂದು, ಅದು ಅವನಿಗೆ ನುಂಗಲಾರದ ಮುಳ್ಳಾಗಿತ್ತೆಂದು ನನಗೆ ಗೊತ್ತಿತ್ತು. ತಮ್ಮನಲ್ಲವೇ ಎಂದು ಬಾಯಿ ಮುಚ್ಚಿಕೊಂಡೆ. ಒಂಬತ್ತು ತಿಂಗಳು ಆ ಸೇತುವೆಯ ಮೇಲೆ ನಡೆಯದೆ ಸುತ್ತುದಾರಿ ಹಿಡಿದೆ. ನನ್ನ ಮೇಲೆ ನನಗೆ ಬಂದ ಅಸಹ್ಯವನ್ನು ಇಲ್ಲಿ ಬರೆದು ಮುಗಿಸಲಾರೆ.

ಮೂಳೆ ನೋಡುವ ಬೆಳಿಗ್ಗೆ ನಾನು ಸ್ಮಶಾನದ ಪಕ್ಕದ ಬಯಲಿನಲ್ಲಿ ಕುಳಿ ತೋಡಿಸಿ, ಬೆಂಕಿ ಹಾಕಿಸಿ, ಮಣ್ಣು ಕೆಂಪಾದ ಮೇಲೆ ಹೆಂಡವನ್ನೂ ಪಕ್ಕದ ಒಲೆಯಲ್ಲಿ ಕುದಿಯುತ್ತಿದ್ದ, ಅಕ್ಕಿ ಹುದುಗಿಸಿದ ಹುಳಿಕಾಡಿಯನ್ನೂ ಸುರಿಸಿದೆ. ಬುಸ್ಸೆಂದು ಹಬೆ ಎದ್ದಿತು. ತೊಳೆದ ಮೂಳೆಗಳನ್ನು ಅದರೊಳಗಿಟ್ಟು ಚಾಪೆ ಮುಚ್ಚಿದೆ.

"ಏನಕ್ಕಾ, ಸಾರು ಕುದೀತಾ?" ಎಂದ ಕಾವಲಿನವನೊಬ್ಬ. ಉಳಿದವರು ನಕ್ಕರು.

"ಕುದೀತಾ ಇದೆ. ನಿನ್ನ ನಾಲಿಗೆ ಕೊಡು, ಒಗ್ಗರಣೆಗೆ ಬೇಕು."

ಯಾನ್‌ಶು ಬಂದದ್ದು ಆಗಲೇ. ರೇಷ್ಮೆ ಅಂಗಿ, ಒನಕೆಯಂಥ ಬೆರಳುಗಳು. ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕೂತ.

"ಅಕ್ಕಾ, ನರಿ ಅಂತ ಕೂಗಿಬಿಡು. ಎಲ್ರೂ ಮನೆಗೆ ಹೋಗೋಣ."

"ನರಿ ಮೂಳೆಯೊಳಗೆ ಕೂತಿದ್ರೆ ಕೂಗ್ತೀನಿ."

"ಹಟ ಮಾಡ್ಬೇಡ. ಇದು ನಮ್ಮನೆ ಮಾನದ ಪ್ರಶ್ನೆ. ನೀನು ಕುವಾಂಗ್ ಮನೆ ಮಗಳು, ಮರೀಬೇಡ."

"ಹೌದಾ? ನಾನು ಚೆಲ್ಲಿದ ನೀರಲ್ವೇನೋ? ಯಾವಾಗ ಬಾಚಿ ಕೊಡಕ್ಕೆ ತುಂಬ್ಕೊಂಡ್ರಿ?"

ಅವನು ಎದ್ದು ಹೋದ. ಕೊಂದವನ ಬೆವರು ಹೀಗಿರುತ್ತದೆಯೇ ಎಂದು ಅಂಗಿ ಒದ್ದೆಯಾದ ಅವನ ಬೆನ್ನನ್ನೇ ನೋಡಿದೆ.

ಬಿಸಿಲು ನೆತ್ತಿಗೆ ಹತ್ತಿರವಾದಾಗ ಮೂಳೆಗಳನ್ನು ಹೊರತೆಗೆದೆ. ಎಣ್ಣೆ ಹಚ್ಚಿದ ಕೆಂಪು ಕಾಗದದ ಕೊಡೆಯನ್ನು ಬಿಸಿಲಿಗೆದುರಾಗಿ ಬಿಚ್ಚಿ ಅವುಗಳ ಮೇಲೆ ಹಿಡಿದೆ. ಚರ್ಮ ಬಚ್ಚಿಟ್ಟ ಪೆಟ್ಟು ಆ ಕೆಂಪು ಬೆಳಕಿನಲ್ಲಿ ಮೂಳೆಯ ಮೇಲೆ ಮೂಡುತ್ತದೆ. ಗಂಡನ ಮನೆಯಲ್ಲಿ ಅತ್ತೆ ನನಗೆ ಕೊಟ್ಟ ವಿದ್ಯೆ ಇದು. ಹೇಲು, ರಕ್ತ, ಹೆಣದ ವಿದ್ಯೆಯಾದ್ದರಿಂದ ಇದನ್ನು ಯಾರೂ ಬಾಗಿಲು ಹಾಕಿಕೊಂಡು ಕಲಿಸುವುದಿಲ್ಲ.

ಏಳನೆಯ ಪಕ್ಕೆಲುಬಿನ ಮೇಲೆ ಮೂರು ಕಲೆಗಳು ಎದ್ದವು. ಹುಣಸೆಬೀಜದ ಬಣ್ಣ, ಉದುರಿದ ಎಲೆಯ ಆಕಾರ.

ನಾನು ಅಳತೆಯ ಕಡ್ಡಿ ಇಟ್ಟೆ. ಮತ್ತೊಮ್ಮೆ ಇಟ್ಟೆ. ಕಲೆಗಳು ಕಿರಿದಾಗಿದ್ದವು. ಯಾನ್‌ಶುವಿನ ಒಂದು ಬೆರಳಿನ ಅಗಲದಲ್ಲಿ ಇವು ಎರಡು ಹಿಡಿಸುತ್ತಿದ್ದವು. ಏನೂ ಯೋಚಿಸದೆ ನನ್ನ ಮೂರು ಬೆರಳನ್ನೇ ಅವುಗಳ ಮೇಲಿಟ್ಟೆ. ಸರಿಯಾಗಿ ಕೂತವು, ನಡುಬೆರಳಿನ ಹೊರತು. ನಡುವಿನ ಕಲೆ ಮಾತ್ರ ಎಡಕ್ಕೆ ಸೊಟ್ಟಗಿತ್ತು.

ನನಗೆ ಆರು ವರ್ಷವಿದ್ದಾಗ ಬೀಸುಕಲ್ಲಿಗೆ ಸಿಕ್ಕು ಅವ್ವನ ನಡುಬೆರಳು ಮುರಿದು, ಸೊಟ್ಟಗೆ ಕೂಡಿಕೊಂಡಿತ್ತು. "ರುಯಿ, ನಿನ್ನ ಕೈ ಥೇಟ್ ನಿಮ್ಮವ್ವಂದೇ" ಎಂದು ಚಿಕ್ಕಂದಿನಿಂದ ಎಲ್ಲರೂ ಹೇಳುತ್ತಿದ್ದರು.

ತಲೆಯೆತ್ತಿ ನೋಡಿದೆ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಅವ್ವ ಕೂತಿದ್ದಳು. ಎಪ್ಪತ್ತು ವರ್ಷದ, ಒಣ ಶುಂಠಿಯಂಥ ಹೆಂಗಸು. ಅವಳ ಪಕ್ಕ ನಿಂಗಳ ಎಂಟು ವರ್ಷದ ಮಗಳು ಕೆಶಿನ್. ಕೆಶಿನಳ ಬಲಗೈಯ ಮೂರು ಬೆರಳನ್ನೂ ಒಟ್ಟಿಗೆ ಸೇರಿಸಿ ಬಟ್ಟೆಯಲ್ಲಿ ಬಿಗಿದು ಸುತ್ತಿದ್ದರು. ಬಾಗಿಲಿಗೆ ಸಿಕ್ಕಿ ನೋವಾಗಿದೆ ಎಂದು ನಿಂಗ್ ಸತ್ತ ದಿನದಿಂದ ಹೇಳುತ್ತಿದ್ದರು. ಒಂಬತ್ತು ತಿಂಗಳಲ್ಲಿ ವಾಸಿಯಾಗದ ನೋವು ಯಾವುದು? ಬೆರಳಿಗೆ ಏನೋ ಗೊತ್ತಿತ್ತು. ಅದನ್ನು ಮರೆಸಲು ಕಟ್ಟಿಟ್ಟಿದ್ದರು.

ನಿಂಗ್ ಮಗಳಿಗೆ ಕಲಿಸಿದ್ದಳು.

ಬರೀ ದುಃಖವಾಗಿದ್ದರೆ ಕೂತು ಅಳುತ್ತಿದ್ದೆ. ಕಾಯಿದೆ ನನಗೆ ಗೊತ್ತಿತ್ತು: ತಾಯಿಯ ಮೇಲೆ ದೂರು ಕೊಟ್ಟ ಮಗಳಿಗೆ, ದೂರು ನಿಜವಾದರೂ, ನೇಣು. ದೂರದಲ್ಲಿ ಪೀಚ್ ಕಟ್ಟಿಗೆಯ ಪಕ್ಕ ಫಾನ್ ಕೊರಳಿಗೆ ಕೈದಿಗಳ ಮರದ ಹಲಗೆ ಹಾಕಿಸಿಕೊಂಡು ನಿಂತಿದ್ದಳು. ಅವಳು ನನ್ನ ಕಡೆ ನೋಡುತ್ತಲೂ ಇರಲಿಲ್ಲ. ನೋಡಿ ಪ್ರಯೋಜನವಿಲ್ಲವೆಂದು ಅವಳಿಗೆ ಹೋದ ಬೇಸಿಗೆಯಲ್ಲೇ ಗೊತ್ತಾಗಿತ್ತು.

ದೂರು ಕೊಡಕೂಡದು. ಕೂಗಬಹುದು. ಕೂಗುವುದೇ ನನ್ನ ಕೆಲಸ.

"ಏಳನೆಯ ಪಕ್ಕೆಲುಬು, ಎಡಗಡೆ!" ಎಂದು ಕೂಗಿದೆ. ಇಡೀ ಬಯಲು ತಿರುಗಿತು. "ಬೆರಳಿನ ಪೆಟ್ಟು, ಮೂರು! ನರಿಯ ಹಲ್ಲಲ್ಲ, ಉಗುರಲ್ಲ! ಮನುಷ್ಯರ ಬೆರಳು! ಅಗಲ ಕಿರಿದು, ಹೆಂಗಸಿನ ಕೈ! ನಡುಬೆರಳು ಮುರಿದು ಎಡಕ್ಕೆ ಸೊಟ್ಟಗೆ ಕೂಡಿದ್ದು!"

ಕರಣಿಕನ ಕುಂಚ ನಿಂತಿತು. "ಬರ್ಕೊಳಯ್ಯಾ" ಎಂದೆ. "ಕಿವಿ ಕೇಳಿಸ್ತಾ ಇಲ್ವಾ? ಇನ್ನೊಂದ್ಸಲ ಕೂಗ್ಲಾ?" ಮತ್ತೊಮ್ಮೆ ಕೂಗಿದೆ, ಮೊದಲಿಗಿಂತ ಗಟ್ಟಿಯಾಗಿ.

ಜನರ ಕಣ್ಣು ಒಂದೊಂದಾಗಿ ಅವ್ವನ ಕೈಯ ಕಡೆ ಹೊರಳಿದವು. ಅವಳು ಅದನ್ನು ಅಂಗಿಯ ತೋಳಿನೊಳಗೆ ಎಳೆದುಕೊಳ್ಳಲಿಲ್ಲ.

ನ್ಯಾಯಾಧಿಕಾರಿ ತಾವೊ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ಕುವಾಂಗ್ ಯಾನ್‌ಶು, ನಿಮ್ಮ ಮನೇಲಿ ಈ ವಿದ್ಯೆ ಗೊತ್ತಿರೋ ಹೆಂಗಸರು ಯಾರ್ಯಾರು?"

ತಮ್ಮ ಬಯಲಿಗೆ ಬಂದು ಮಂಡಿಯೂರಿದ. "ಸತ್ತವಳೊಬ್ಬಳೇ ಸ್ವಾಮಿ. ನಮ್ಮ ತಾಯಿಗೆ ಏನು ಗೊತ್ತು? ಅಪ್ಪ ಹೆಸರಿಗೆ ಒಂದೆರಡು ದಿನ ಹೇಳಿಕೊಟ್ಟಿದ್ರಂತೆ, ತಲೆಗೆ ಹತ್ತಲಿಲ್ಲ. ಬರೀ ಒಲೆ ಮುಂದೆ ಕೂತ ಮುದುಕಿ. ಬದನೆಕಾಯಿ ಹೆಚ್ಚೋಕೂ ಈಗ ಕೈ ನಡುಗತ್ತೆ."

ಯಾರೋ ಕಿಸಕ್ಕೆಂದು ನಕ್ಕರು. ಯಾನ್‌ಶು ತಾಯಿಯನ್ನು ಉಳಿಸುವ ಜಾಣತನದಲ್ಲಿದ್ದ. ನಾನು ಅವ್ವನ ಮುಖ ನೋಡುತ್ತಿದ್ದೆ. ಕೊಲೆಯ ಗುರುತು ಕೂಗಿದಾಗ ಅಲುಗದ ಮುಖ ಅದು. ಆ ನಗುವಿಗೆ ಬಿಳಿಚಿಕೊಂಡಿತು.

"ಬದನೆಕಾಯಾ?" ಎಂದಳು.

ಎದ್ದಳು. ಕೋಲನ್ನು ಕುರ್ಚಿಗೆ ಒರಗಿಸಿದಳು. ಹುಳಿಕಾಡಿಯ ದೊಡ್ಡ ಮಡಕೆ ಒಲೆಯ ಮೇಲೆ ಇನ್ನೂ ಕುದಿಯುತ್ತಿತ್ತು. ಅಲ್ಲಿಗೆ ನಡೆದಳು, ಅಲ್ಲ, ತೇಲಿದಳು. ಅವಳ ಪಾದದ ಕೆಳಗೆ ಹುಲ್ಲು ಬಾಗಲಿಲ್ಲ. ಮೂರು ಬೆರಳನ್ನು ಮಡಕೆಗೆ ತಾಗಿಸಿದಳು. ಕುದಿ ನಿಂತಿತು. ಮಡಕೆ ಬೆಳ್ಳಗಾಯಿತು. ಕೆಳಗಿನ ಕೆಂಡಗಳು ಒಂದಾದ ಮೇಲೊಂದು ಕಪ್ಪಾದವು. ಕೊನೆಗೆ ಮಡಕೆ ನಡುವೆ ಸೀಳಿ, ಹುಳಿಕಾಡಿ ಮಂಜುಗಡ್ಡೆಯಾಗಿ ಮಡಕೆಯ ಆಕಾರದಲ್ಲೇ ನಿಂತಿತು.

"ಸೇತುವೆ ಮೇಲೆ ಕಲ್ಲು ನೆಟ್ಟಿದ್ದೀರಲ್ಲ," ಎಂದಳು ನೆರೆದವರಿಗೆ. "ಆ ಮೂವರನ್ನ ಕೆಡವಿದ್ದು ಇವರಪ್ಪ ಅಲ್ಲ. ಅವತ್ತು ಅವನು ಹೊಟ್ಟೆ ಕೆಟ್ಟು ಚೊಂಬು ಹಿಡ್ಕೊಂಡು ಓಡಾಡ್ತಿದ್ದ. ಅವನ ಅಂಗಿ ಹಾಕ್ಕೊಂಡು, ಮುಖಕ್ಕೆ ಬಟ್ಟೆ ಕಟ್ಕೊಂಡು ನಾನು ಹೋಗಿದ್ದೆ. ಈ ಹುಡುಗನಿಗೆ ಕಲಿಸಿದ್ದೂ ನಾನೇ. ಇಪ್ಪತ್ತು ವರ್ಷ ಕಲಿಸಿದೆ. ಒಂದು ಬಟ್ಟಲು ನೀರು ತಣ್ಣಗೆ ಮಾಡೋಕೆ ಬರಲ್ಲ ಇವನಿಗೆ."

"ಅವ್ವಾ, ಸಾಕು!" ಎಂದ ಯಾನ್‌ಶು.

"ನೀನು ಸುಮ್ನಿರು, ಬದನೆಕಾಯಿ."

ಸರಪಳಿ ಹಾಕಿ ಕರೆದೊಯ್ಯುವಾಗ ನನ್ನ ಮುಂದೆ ನಿಂತಳು. ಕೇಳಬಾರದೆಂದುಕೊಂಡರೂ ಕೇಳಿದೆ: "ಯಾಕವ್ವಾ?"

"ಅವಳು ಮಗಳಿಗೆ ಕಲಿಸಿದ್ಲು."

"ಅದಕ್ಕೆ ಕೊಂದುಬಿಟ್ಯಾ?"

"ನಾನು ನಿನಗೆ ಕಲಿಸ್ಲಿಲ್ಲ ರುಯಿ. ನೀನು ಬಾಗಿಲ ಹಿಂದೆ ಉಸಿರು ಹಿಡ್ಕೊಂಡು ನಿಂತಿರ್ತಿದ್ದೆ, ನನಗೆ ಕೇಳಿಸ್ತಿತ್ತು. ಒಂದು ದಿನ ಅಲ್ಲ, ವರ್ಷಗಟ್ಟಲೆ. ಹೊಟ್ಟೆ ಕಲ್ಲು ಮಾಡ್ಕೊಂಡು ಕಲಿಸ್ಲಿಲ್ಲ. ಅವಳು ಬಂದವಳು, ಏನೂ ಆಗಿಲ್ಲ ಅನ್ನೋ ಹಾಗೆ ಮಗಳ ಕೈ ಹಿಡಿದು ಕಲಿಸಿದ್ಲು. ಕಲಿಸ್ಬಹುದಾಗಿತ್ತು ಅಂದ್ರೆ, ನಾನು ಮಾಡಿದ್ದು ಏನಾಯ್ತೇ?"

ಅವಳು ಕಾಯುತ್ತಿದ್ದಳು. ಕ್ಷಮೆ ಬೇಕಿತ್ತೋ ಏನೋ. ನಲವತ್ತೆಂಟು ವರ್ಷದಲ್ಲಿ ಮೊದಲ ಸಲ ನನ್ನಿಂದ ಏನನ್ನೋ ಬಯಸಿ ನಿಂತ ತಾಯಿಯನ್ನು ನಾನು ಬರಿಗೈಯಲ್ಲಿ ಕಳಿಸಿದೆ. ಪಶ್ಚಾತ್ತಾಪವಿಲ್ಲ.

ಫಾನಳ ಕೊರಳಿನ ಹಲಗೆಯನ್ನು ನಾನೇ ನಿಂತು ತೆಗೆಸಿದೆ. ಕೈ ಹಿಡಿಯಲು ಹೋದರೆ ಕೊಡವಿಕೊಂಡಳು.

"ಹೋದ ಬೇಸಿಗೇಲಿ ಕೂಗಿದ್ರೆ ಗಂಟಲು ನೋಯ್ತಿತ್ತೇನಕ್ಕಾ?" ಎಂದಳು.

ಅವಳು ಪೀಚ್ ಕಟ್ಟಿಗೆಯಲ್ಲಿ ಹೊರುವಷ್ಟನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಸೋಯಾ ಬೇಯಿಸಲು ಸೌದೆ ಬೇಕಲ್ಲ. ಯಾರೂ ತಡೆಯಲಿಲ್ಲ.

ಕೆಶಿನಳನ್ನು ನನ್ನ ಮನೆಗೆ ಕರೆತಂದೆ. ಯಾನ್‌ಶು ಬಾಗಿಲವರೆಗೆ ಬಂದು ಹೇಳಿದ, "ಮನೆ ಹೆಣ್ಣುಮಗು ಅದು." ನಾನು ಹೇಳಿದೆ, "ಚೆಲ್ಲಿದ ನೀರು ಕಣೋ, ಎತ್ಕೊಂಡು ಹೋಗ್ತೀನಿ."

ಅಂಗಳದ ಬಿಸಿಲಿನಲ್ಲಿ ಕೂರಿಸಿ ಬೆರಳಿನ ಬಟ್ಟೆ ಬಿಚ್ಚಿದೆ. ಬೆರಳುಗಳು ಬೆಳ್ಳಗೆ, ಸುಕ್ಕಾಗಿ, ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಸಿನೀರಿನ ಬೋಗುಣಿಯಲ್ಲಿ ಅದ್ದಿಸಿ ಒಂದೊಂದಾಗಿ ಬಿಡಿಸಿದೆ. ಅವಳು ಅಳಲಿಲ್ಲ. ಕೊನೆಯ ಬೆರಳು ಬಿಟ್ಟಾಗ, "ಅತ್ತೇ, ನಿಮಗೆ ಬರಲ್ವಾ?" ಎಂದು ಕೇಳಿದಳು.

"ಬರಲ್ಲ. ತೋರಿಸ್ತೀಯಾ?"

ಅವಳು ನನ್ನ ಕೈಯನ್ನು ಎತ್ತಿ ಬೋಗುಣಿಯ ಅಂಚಿಗೆ ತಂದಳು. "ಮೊಣಕೈ ಕೆಳಗೆ ಬಿಡಿ. ಹೆಗಲು ಸಡಿಲ. ಅಮ್ಮ ಹೇಳ್ತಿದ್ರು, ಸಿಟ್ಟು ಬಂದ್ರೆ ತಳ್ಳಬಾರ್ದು, ತಣ್ಣಗಾಗೋವರೆಗೂ ಒಳಗೆ ಇಟ್ಕೋಬೇಕು ಅಂತ. ಆಮೇಲೆ ಬೆರಳಿಗೆ ಬಿಡೋದು. ಮೊದಲನೇ ಸಲ ಏನೂ ಆಗಲ್ಲ ಅತ್ತೆ, ನನಗೆ ಒಂದು ವರ್ಷ ಆಯ್ತು."

ತಣ್ಣಗಾಗುವವರೆಗೂ ಒಳಗೆ ಇಟ್ಟುಕೊಳ್ಳುವುದು. ಅದನ್ನು ಯಾರೂ ನನಗೆ ಕಲಿಸಬೇಕಾಗಿರಲಿಲ್ಲ. ಕಣ್ಣು ಮುಚ್ಚಿ ಮೂರು ಬೆರಳನ್ನು ಬೋಗುಣಿಗೆ ತಾಗಿಸಿದೆ.

ಕೆಶಿನ್ ಕಿರುಚಿ ಹಿಂದಕ್ಕೆ ಹಾರಿದಳು. ಕಣ್ಣು ತೆರೆದಾಗ ಬೋಗುಣಿ ತಳದವರೆಗೂ ಹೆಪ್ಪುಗಟ್ಟಿ, ಎರಡು ಹೋಳಾಗಿ ಬಿದ್ದಿತ್ತು.