ಅಲೆ ಮೊದಲೋ ಸ್ಫೋಟ ಮೊದಲೋ

ಮೂರು ಗಂಟೆಗೆ ನನ್ನ ಭಾಷಣ. ಹನ್ನೊಂದಕ್ಕೇ ನಾಲ್ಕು ಲೋಟ ಕಾಫಿ ಮುಗಿಸಿ, ಜಗಲಿಯಿಂದ ಅಡುಗೆಮನೆಗೆ, ಅಲ್ಲಿಂದ ಜಗಲಿಗೆ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದೆ. ಅಮ್ಮನಿಗೆ ಕಣ್ಣಿನ ಆಪರೇಷನ್ ಆಗಿತ್ತೆಂದು ಬಾಳೂರಿನ ಮನೆಗೆ ಬಂದಿದ್ದೆ. ಅಮ್ಮ ಆರಾಮಾಗಿ ಮಲಗಿದ್ದಳು. ಆರಾಮಿಲ್ಲದವಳು ನಾನೇ.

ನಾನು ಪಿಎಚ್‌ಡಿ ಮಾಡುತ್ತಿರುವುದು ಸೂರ್ಯನ ಕಲೆಗಳ ಮೇಲೆ. ಆ ಕಪ್ಪು ಕಲೆಗಳಲ್ಲಿ ಹೆಚ್ಚುಕಡಿಮೆ ಮೂರು ನಿಮಿಷಕ್ಕೊಂದು ಅಲೆ ಎದ್ದು ಬೀಳುತ್ತದೆ. ಹತ್ತಿರದಲ್ಲಿ ಸೌರಸ್ಫೋಟವಾದರೆ ಆ ಅಲೆಗಳ ಬಲ ಬದಲಾಗುವುದುಂಟು. ಇದು ಹಲವರಿಗೆ ಗೊತ್ತಿದ್ದ ವಿಷಯ. ನಾನು ಕಂಡಿದ್ದು ಬೇರೆ. ಸ್ಫೋಟಕ್ಕೆ ಇಪ್ಪತ್ತು ನಿಮಿಷ ಮೊದಲೇ ಅಲೆ ಜೋರಾಗುತ್ತದೆ, ಹಾಗಾಗಿ ಸ್ಫೋಟವನ್ನು ಮುಂಚಿತವಾಗಿ ಹೇಳಬಹುದು. ನನ್ನ ಐದು ವರ್ಷ ಈ ‘ಮೊದಲೇ’ ಎಂಬ ಒಂದು ಪದದ ಮೇಲೆ ನಿಂತಿತ್ತು. ಗೈಡ್ ರೇವತಿ ಮೇಡಂ ಅದನ್ನು ಕೇಳಲೆಂದೇ ದೊಡ್ಡ ದೊಡ್ಡವರನ್ನೆಲ್ಲ ಆನ್‌ಲೈನ್‌ಗೆ ಕರೆದಿದ್ದರು.

ಆದರೆ ಯಾಕೆ ಮೊದಲೇ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿರಲಿಲ್ಲ. ಕೂತಲ್ಲಿ ಕೂರಲಾಗದೆ ಓಡಾಡುತ್ತಿದ್ದುದು ಅದಕ್ಕೇ.

ಜಗಲಿಯಲ್ಲಿ ಅಪ್ಪ ಗೋಣಿಬೀಡಿನ ರಾಜೀವ್ ಮಾವನ ಜೊತೆ ಫೋನಿನಲ್ಲಿ ಮಳೆಯ ಸುದ್ದಿಯನ್ನು, ಇಂಚಿಗೆ ನೂರು ಸೆಂಟಿನ ತೋಟದ ಲೆಕ್ಕದಲ್ಲಿ, ಹೇಳುತ್ತಿದ್ದರು. ಫೋನೇ ಬೇಡ, ಆ ದನಿ ಗೋಣಿಬೀಡಿಗೆ ನೇರ ಕೇಳಿಸುತ್ತಿತ್ತು.

"ನಿನ್ನೆ ನಮ್ಗೆ ಎಪ್ಪತ್ತು ಸೆಂಟ್ ಆಯ್ತು ಮಾರಾಯ. ಕಾಫಿ ಹೂ ಬಿಡೋಕೆ ಅಡ್ಡಿಲ್ಲ. ನಿಮ್ಗೆಷ್ಟು?"

ನನಗೆ ತಲೆ ಕೆಟ್ಟಿತು. ಅವರು ಫೋನ್ ಇಟ್ಟ ಕೂಡಲೇ ಹರಿಹಾಯ್ದೆ.

"ನಿನ್ನೆ ಎಲ್ಲಿ ಬಂತಪ್ಪ ಮಳೆ? ಒಂದ್ ಹನಿ ಬಿದ್ದಿಲ್ಲ. ಬಂದಿದ್ದು ಇವತ್ತು ಬೆಳಗ್ಗೆ ಐದಕ್ಕೆ. ನಾನು ಎದ್ದೇ ಇದ್ದೆ."

"ಬೆಳಗ್ಗೆ ಎಂಟು ಗಂಟೆಗೆ ಅಳೆದಿದ್ದನ್ನ ಹಿಂದಿನ ದಿನದ ತಾರೀಖಿಗೆ ಬರ್ಯೋದಲ್ವೇನೆ? ನಿನ್ನೆ ಎಂಟಕ್ಕೆ ಶುರುವಾದ ಲೆಕ್ಕ ಅದು. ಸಣ್ಣೋಳಿದ್ದಾಗ ಮಳೆ ಪುಸ್ತಕ ಬರೀತಿದ್ದೋಳು ನೀನೇ, ಈಗ ನಂಗೇ ಪಾಠ ಹೇಳ್ತೀಯ."

ಅಪ್ಪ ನಗುತ್ತಲೇ ಅಂದರು. ನನಗೆ ನನ್ನ ಅಳತೆಗಳ ಟೇಬಲ್ ನೆನಪಾಯಿತು.

ಒಳಗೋಡಿ ಲ್ಯಾಪ್‌ಟಾಪ್ ತೆರೆದೆ. ಅಲೆಗಳ ಬಲವನ್ನು ನಾನು ಅರ್ಧರ್ಧ ಗಂಟೆಗೆ ಒಟ್ಟು ಮಾಡಿ ಅಳೆದಿದ್ದೆ. ಪ್ರತಿ ಅಳತೆಯ ಮುಂದೆ ಆ ಅರ್ಧ ಗಂಟೆ ಶುರುವಾದ ಸಮಯವನ್ನು ಹಾಕಿದ್ದೆ. ಹಾಗೆ ಹಾಕೆಂದು ಯಾರೂ ಹೇಳಿರಲಿಲ್ಲ, ಹಳೆಯ ಅಭ್ಯಾಸಕ್ಕೆ ಕೈ ತಾನಾಗಿ ಬರೆದಿತ್ತು. ಎರಡು ಗಂಟೆ ಹತ್ತು ನಿಮಿಷ ಎಂದು ಬರೆದ ಅಳತೆಯೊಳಗೆ ಎರಡೂವರೆಗೆ ಆದ ಸ್ಫೋಟವೂ ಅದರ ನಂತರದ ಹತ್ತು ನಿಮಿಷವೂ ಸೇರಿಕೊಂಡಿದ್ದವು. ಸ್ಫೋಟದ ನಂತರ ಜೋರಾದ ಅಲೆ, ಇಪ್ಪತ್ತು ನಿಮಿಷ ಮೊದಲೇ ಜೋರಾದ ಹಾಗೆ ಕಂಡಿತ್ತು.

ಅವಧಿ ಚಿಕ್ಕದು ಮಾಡಿ, ಸಮಯ ಸರಿಪಡಿಸಿ, ಎಲ್ಲವನ್ನೂ ಮತ್ತೆ ಲೆಕ್ಕ ಹಾಕಿದೆ. ಒಟ್ಟು ಹನ್ನೊಂದು ಸ್ಫೋಟಗಳು. ದೇವರೇ, ಒಂದಾದರೂ ಉಳಿಯಲಿ ಎಂದು ಬೇಡಿಕೊಂಡೆ. ಹನ್ನೊಂದರಲ್ಲೂ ಸ್ಫೋಟ ಮೊದಲು, ಅಲೆ ಜೋರಾಗುವುದು ಆಮೇಲೆ. ಮೇಜಿಗೆ ತಲೆ ಇಟ್ಟು ಅತ್ತೆ.

ಅಪ್ಪ ಬಾಗಿಲಲ್ಲಿ ನಿಂತಿದ್ದರು. ಆಗಿದ್ದನ್ನು ಹೇಳಿದೆ. "ನಾನು ಕಲ್ಸಿದ್ದೇ ತಪ್ಪಾಯ್ತಾ?" ಎಂದರು.

"ಮಳೆಗೆ ಅದು ಸರಿ ಅಪ್ಪ."

ಗಂಟೆ ಒಂದೂವರೆ. ಹೇಳದೆಯೂ ಇರಬಹುದಿತ್ತು, ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಯೋಚನೆ ಬಂದಿದ್ದು ನಿಜ, ಸುಳ್ಳು ಯಾಕೆ ಹೇಳಲಿ. ನನ್ನ ಮೇಲೆ ನನಗೇ ಅಸಹ್ಯವಾಗಿ ಮೇಡಂಗೆ ಫೋನ್ ಮಾಡಿದೆ.

"ಆ ಟೇಬಲ್ ನಾನೂ ನೋಡಿದೀನಿ ಧನ್ಯಾ, ನಂಗೂ ಗೊತ್ತಾಗ್ಲಿಲ್ಲ," ಎಂದರು ಅವರು. "ಇವತ್ತಿಂದು ಮುಂದಕ್ಕೆ ಹಾಕ್ಲಾ?"

"ಬೇಡ ಮೇಡಂ. ನಾನೇ ಹೇಳ್ತೀನಿ."

ಮೂರಕ್ಕೆ ಕೂತು, ಮೊದಲ ಮಾತಿನಲ್ಲೇ ತಪ್ಪು ಒಪ್ಪಿಕೊಂಡೆ. ಸರಿಪಡಿಸಿದ ಹನ್ನೊಂದು ಚಿತ್ರಗಳನ್ನು ತೋರಿಸಿದೆ. ಒಂದು ಗಂಟೆಯ ಭಾಷಣ ಹದಿನೈದು ನಿಮಿಷಕ್ಕೆ ಮುಗಿಯಿತು. ಕೊನೆಗೆ ಹಿರಿಯರೊಬ್ಬರು ಕೇಳಿದರು.

"ಸ್ಫೋಟ ಆಗುತ್ತೆ, ಆಮೇಲೆ ಅಲೆ ಜೋರಾಗುತ್ತೆ. ಐದು ವರ್ಷಕ್ಕೆ ಇಷ್ಟೇನಾ?"

ಒಂದು ಗುಟುಕು ನೀರು ಕುಡಿದೆ.

"ಇಷ್ಟೇ ಸರ್," ಎಂದೆ.